ಡ್ರೈ ವೈಟ್ ವೈನ್ ಬರೀ ಹುಳಿ ಅನ್ನಿಸುತ್ತಿದೆಯಾ? ಬಾಟಲಿ ಆರಿಸುವುದರಿಂದ ಮದ್ದೂರು ವಡೆ ಜೊತೆ ಕೂಡಿಸುವವರೆಗೆ, ಹಂತ ಹಂತವಾಗಿ

ಡ್ರೈ ವೈಟ್ ವೈನ್ ಬಗ್ಗೆ ಗೆಳೆಯರು, ನೆಂಟರು ನನಗೆ ಹೇಳುವ ದೂರು ಹೆಚ್ಚುಕಮ್ಮಿ ಒಂದೇ. ದುಡ್ಡು ಕೊಟ್ಟು ತಂದೆವು, ಬರೀ ಹುಳಿ, ಅರ್ಧ ಬಾಟಲಿ ಸಿಂಕಿಗೆ ಹೋಯಿತು. ಹೇಗೆ ಕುಡಿದಿರಿ ಅಂತ ಕೇಳಿದರೆ ಆ ಕಥೆಯೂ ಒಂದೇ. ಸಂಜೆ ಏಳಕ್ಕೆ ಅಂಗಡಿಯಿಂದ ತಂದು, ಅರ್ಧ ಗಂಟೆ ಫ್ರಿಜ್ಜಿನಲ್ಲಿಟ್ಟು, ಅಷ್ಟರಲ್ಲಿ ಚಿಲ್ಲಿ ಚಿಕನ್ ತರಿಸಿ, ಒಂದು ತುಂಡು ತಿಂದು ಒಂದು ಗುಟುಕು ಕುಡಿದು ಮುಖ ಕಿವುಚಿ, ಕೊನೆಗೆ ಕೂಲ್‌ಡ್ರಿಂಕ್ ಬೆರೆಸಿ ಮುಗಿಸಿರುತ್ತಾರೆ.

ಪಾಂಡವಪುರದ ಹತ್ತಿರ ಇರುವ ನಮ್ಮ ದೊಡ್ಡಪ್ಪನಿಗೂ ಹೀಗೇ ಆಯಿತು. ಮೊದಲ ಗುಟುಕಿಗೇ "ಏನ್ಲಾ ಮಗ ಇದು, ಹುಣಸೆನೀರ್ ಇದ್ದಂಗದೆ" ಅಂದರು. ಅವರು ಹೇಳಿದ್ದು ಸರಿಯಾಗಿತ್ತು, ಎಷ್ಟು ಸರಿ ಅನ್ನುವುದನ್ನು ನಾಲ್ಕನೇ ಹಂತದಲ್ಲಿ ಹೇಳುತ್ತೇನೆ. ಈಗ ಒಂದು ಮಾತು ಮನಸ್ಸಿನಲ್ಲಿಟ್ಟುಕೊಳ್ಳಿ. ಡ್ರೈ ವೈಟ್ ಅಂದರೆ ತಟ್ಟೆಯ ಅಂಚಿನಲ್ಲಿರುವ ನಿಂಬೆ ಹೋಳು. ನಿಂಬೆರಸವನ್ನು ಯಾರೂ ಹಾಗೇ ಕುಡಿಯುವುದಿಲ್ಲ ಅಲ್ವಾ? ಕೋಸಂಬರಿಗೆ ಹಿಂಡಿದಾಗ, ಹುರಿದ ಮೀನಿನ ಮೇಲೆ ಹಿಂಡಿದಾಗ ಅದಿಲ್ಲದೆ ಆಗುವುದೇ ಇಲ್ಲ ಅನ್ನಿಸುತ್ತದೆ. ಈ ವೈನ್ ಕೂಡ ಹಾಗೇ.

## ಮೊದಲು ಸಾಮಾನು ಜೋಡಿಸಿಕೊಳ್ಳಿ

ಬಾಯಿ ಸ್ವಲ್ಪ ಕಿರಿದಾಗಿರುವ ಗಾಜಿನ ಗ್ಲಾಸ್ ಬೇಕು. ವೈನ್ ಗ್ಲಾಸ್ ಇದ್ದರೆ ಒಳ್ಳೆಯದು, ಇಲ್ಲದಿದ್ದರೆ ಹೊಟ್ಟೆ ದಪ್ಪ, ಬಾಯಿ ಸಣ್ಣ ಇರುವ ಯಾವುದಾದರೂ ನಡೆಯುತ್ತದೆ. ವಾಸನೆ ಮೇಲೆದ್ದು ಬಾಯಿಯ ಹತ್ತಿರ ನಿಲ್ಲಬೇಕು, ಅಷ್ಟೇ. ಸ್ಟೀಲ್ ಲೋಟ ಬೇಡ, ಬಣ್ಣ ಕಾಣುವುದಿಲ್ಲ. ಗ್ಲಾಸಿನಲ್ಲಿ ಪಾತ್ರೆ ಸೋಪಿನ ವಾಸನೆ ಉಳಿದಿದ್ದರೆ ಬಿಸಿನೀರಿನಲ್ಲಿ ಇನ್ನೊಮ್ಮೆ ತೊಳೆಯಿರಿ.

ಇನ್ನು ಒಂದು ಸಣ್ಣ ಬಕೆಟ್, ಐಸ್, ಎರಡು ಹಿಡಿ ಕಲ್ಲುಪ್ಪು. ನಮ್ಮ ದೇಶದ ಬಹಳಷ್ಟು ವೈಟ್ ವೈನ್‌ಗಳಿಗೆ ತಿರುಗಿಸುವ ಮುಚ್ಚಳವೇ ಇರುತ್ತದೆ, ಆದರೆ ಕಾರ್ಕ್ ಇದೆಯಾ ಅಂತ ಮೊದಲೇ ನೋಡಿಕೊಳ್ಳಿ. ಕಾರ್ಕ್ ಇದ್ದು ಅದನ್ನು ತೆಗೆಯುವ ಸ್ಕ್ರೂ ಇಲ್ಲದೆ ಚಾಕು ಹಾಕಿ ಕೆದಕಿ ಕೈ ಕುಯ್ದುಕೊಂಡವರನ್ನು ನೋಡಿದ್ದೇನೆ. ಪಕ್ಕದಲ್ಲಿ ಕುಡಿಯುವ ನೀರು, ಒಂದು ಹಿಡಿ ಪುರಿ, ಅಂದರೆ ಮಂಡಕ್ಕಿ. ಪುರಿಗೆ ರುಚಿ ಕಡಿಮೆ, ಹಾಗಾಗಿ ಎರಡು ಗುಟುಕಿನ ನಡುವೆ ಬಾಯಿ ಸ್ವಚ್ಛವಾಗುತ್ತದೆ. ಒಗ್ಗರಣೆ ಹಾಕಿದ್ದು ಬೇಡ, ಬರೀ ಪುರಿ.

## ಹಂತ 1: ಬಾಟಲಿ ಆರಿಸುವುದು

ಡ್ರೈ ಅಂದರೆ ಸಿಹಿ ಇಲ್ಲದ್ದು. ದ್ರಾಕ್ಷಿಯ ಸಕ್ಕರೆಯನ್ನು ಯೀಸ್ಟ್ ಹೆಚ್ಚುಕಮ್ಮಿ ಪೂರ್ತಿ ತಿಂದು ಮುಗಿಸಿರುತ್ತದೆ. ಯುರೋಪಿನ ನಿಯಮದಲ್ಲಿ ಲೀಟರಿಗೆ 4 ಗ್ರಾಂವರೆಗೆ ಸಕ್ಕರೆ ಉಳಿದಿದ್ದರೆ ಡ್ರೈ, ಹುಳಿ ಜಾಸ್ತಿ ಇರುವ ವೈನ್ ಆದರೆ 9 ಗ್ರಾಂವರೆಗೂ ಬಿಡುತ್ತಾರೆ. ಹೋಲಿಸಿ ನೋಡಿ, ಒಂದು ಸಣ್ಣ ಲೋಟ ಕಾಫಿಗೆ ಒಂದು ಚಮಚ ಸಕ್ಕರೆ ಹಾಕಿದರೆ ಅದು ಲೀಟರಿಗೆ 40 ಗ್ರಾಂ ಹತ್ತಿರ ಆಗುತ್ತದೆ. ಆ ಕಾಫಿಯ ನಾಲಿಗೆಗೆ ಡ್ರೈ ವೈನ್ ಹುಳಿ ಅನ್ನಿಸದೆ ಇನ್ನೇನಾಗುತ್ತದೆ?

ಮೊದಲ ಸಲಕ್ಕೆ ಸೊವಿನ್ಯೋನ್ ಬ್ಲಾಂಕ್ ಅನ್ನುವ ದ್ರಾಕ್ಷಿಯ ವೈನ್ ತೆಗೆದುಕೊಳ್ಳಿ. ನಾಸಿಕ್ ಕಡೆಯದ್ದಾಗಲಿ, ನಮ್ಮ ನಂದಿಬೆಟ್ಟದ ತಪ್ಪಲಿನದ್ದಾಗಲಿ, ಪರವಾಗಿಲ್ಲ. ಈ ದ್ರಾಕ್ಷಿಯಲ್ಲಿ ಹುಳಿ ಚುರುಕಾಗಿರುತ್ತದೆ, ಹಸಿ ಹುಲ್ಲು, ನಿಂಬೆಸಿಪ್ಪೆ, ದಪ್ಪ ಮೆಣಸಿನಕಾಯಿಯ ವಾಸನೆ ಬರುತ್ತದೆ. ಶೆನಿನ್ ಬ್ಲಾಂಕ್ ಅನ್ನುವ ಇನ್ನೊಂದು ದ್ರಾಕ್ಷಿಯದ್ದು ತರುವಾಗ ಹುಷಾರು. ಆ ಹೆಸರಿನಲ್ಲಿ ನಮ್ಮಲ್ಲಿ ಸಿಗುವ ಹಲವು ಬಾಟಲಿಗಳು ಸ್ವಲ್ಪ ಸಿಹಿ. ಬಾಟಲಿ ಹಿಂದಿನ ಚೀಟಿಯಲ್ಲಿ ‘ಡ್ರೈ’ ಅಂತ ಇದೆಯಾ, ‘ಆಫ್ ಡ್ರೈ’ ಅಂತ ಇದೆಯಾ ಓದಿ. ಆಫ್ ಡ್ರೈ ಕೆಟ್ಟದ್ದಲ್ಲ, ಖಾರದ ಊಟಕ್ಕೆ ಅದೇ ವಾಸಿ, ಆದರೆ ಈ ಬರಹದ ಲೆಕ್ಕ ಅದಕ್ಕೆ ಪೂರ್ತಿ ಹೊಂದುವುದಿಲ್ಲ.

ಚೀಟಿಯಲ್ಲಿ ವರ್ಷ ನೋಡಿ. ವೈನ್ ಇಟ್ಟಷ್ಟೂ ಚೆನ್ನಾಗುತ್ತದೆ ಅನ್ನುವುದು ಇಂಥ ವೈಟ್ ವೈನ್‌ಗೆ ಅನ್ವಯಿಸದ ಮಾತು. ಒಂದೆರಡು ವರ್ಷದೊಳಗಿನದ್ದೇ ಬೇಕು.

ನಮ್ಮೂರಲ್ಲಿ ವೈನ್ ಸ್ಟೋರ್ ಅಂತ ಬೋರ್ಡ್ ಇರುವ ಕಡೆ ಮಾರಾಟವಾಗುವುದು ಹೆಚ್ಚಾಗಿ ವಿಸ್ಕಿ, ರಮ್ಮು, ಬಿಯರ್. ವೈನ್ ಮೇಲಿನ ಶೆಲ್ಫಿನಲ್ಲಿ ತಿಂಗಳುಗಟ್ಟಲೆ ಕೂತಿರುತ್ತದೆ. ವಿಸ್ಕಿಗೆ ಬಿಸಿಲು, ಸೆಕೆ ಅಷ್ಟಾಗಿ ತಟ್ಟುವುದಿಲ್ಲ, ವೈನ್‌ಗೆ ತಟ್ಟುತ್ತದೆ. ಒಂದು ಏಪ್ರಿಲ್‌ನಲ್ಲಿ ಮೈಸೂರಿನ ಒಂದು ಅಂಗಡಿಯಲ್ಲಿ, ಸಂಜೆ ಬಿಸಿಲು ನೇರ ಬೀಳುವ ಶೆಲ್ಫಿನಿಂದ ತೆಗೆದುಕೊಟ್ಟ ಬಾಟಲಿಯನ್ನು ಯೋಚನೆ ಮಾಡದೆ ತಂದೆ. ಮುಚ್ಚಳ ತೆಗೆದರೆ ಬೇಯಿಸಿದ ಸೇಬಿನ ವಾಸನೆ. ನಾಲ್ಕು ಜನ ಊಟಕ್ಕೆ ಬಂದಿದ್ದರು, ಯಾರೂ ಎರಡನೇ ಗುಟುಕು ಕುಡಿಯಲಿಲ್ಲ. ಅವತ್ತಿನಿಂದ ಅಂಗಡಿಯಲ್ಲಿ ಮೊದಲು ಬಾಟಲಿ ಮುಟ್ಟಿ ನೋಡುತ್ತೇನೆ. ಬೆಚ್ಚಗಿದ್ದರೆ ಬೇಡ. ಫ್ರಿಜ್ಜಿನಲ್ಲಿ ಅಥವಾ ಒಳಗಿನ ಕತ್ತಲ ಶೆಲ್ಫಿನಲ್ಲಿ ಇದೆಯಾ ಅಂತ ಕೇಳಿ, ಕೊಡುತ್ತಾರೆ. ಕಾರ್ಕ್ ಮೇಲಕ್ಕೆ ಉಬ್ಬಿದ್ದರೆ, ಕುತ್ತಿಗೆಯಲ್ಲಿ ಅಂಟು ಇದ್ದರೆ, ಬಣ್ಣ ತಿಳಿ ಹಳದಿ ಬಿಟ್ಟು ಕಂದಿಗೆ ತಿರುಗಿದ್ದರೆ ವಾಪಸ್ ಇಡಿ.

(21 ತುಂಬಿದವರಿಗೆ ಮಾತ್ರ ಈ ಬರಹ. ಕುಡಿದ ಮೇಲೆ ಗಾಡಿ ಕೀ ಮುಟ್ಟಬೇಡಿ.)

## ಹಂತ 2: ತಣ್ಣಗೆ ಮಾಡುವುದು

ನೂರಕ್ಕೆ ಎಂಬತ್ತು ಜನ ಸೋಲುವುದು ಇಲ್ಲೇ ಅಂತ ನನ್ನ ಅಂದಾಜು. ಸೊವಿನ್ಯೋನ್ ಬ್ಲಾಂಕ್ 8ರಿಂದ 10 ಡಿಗ್ರಿ ಸೆಲ್ಸಿಯಸ್‌ನಲ್ಲಿರಬೇಕು. ನಮ್ಮ ಬೇಸಿಗೆಯಲ್ಲಿ ಬೀರುವಿನಲ್ಲಿಟ್ಟ ಬಾಟಲಿ 30ರ ಮೇಲಿರುತ್ತದೆ. ಅರ್ಧ ಗಂಟೆ ಫ್ರಿಜ್ಜಿನಲ್ಲಿಟ್ಟರೆ ಗಾಜು ತಣ್ಣಗಾಗುತ್ತದೆ, ಒಳಗಿರುವುದು ಆಗುವುದಿಲ್ಲ. ಬೆಚ್ಚಗಿನ ವೈನಿನಲ್ಲಿ ಮದ್ಯದ ಘಾಟು ಮುಂದೆ ಬರುತ್ತದೆ, ಹುಳಿ ಸಪ್ಪೆಯಾಗಿ ಒರಟಾಗುತ್ತದೆ.

ಫ್ರಿಜ್ಜಿನಲ್ಲಾದರೆ ಮೂರು ಗಂಟೆ ಇಡಿ, ಬಡಿಸುವ ಹತ್ತು ನಿಮಿಷ ಮುಂಚೆ ಹೊರಗೆ ತೆಗೆಯಿರಿ. ಮನೆ ಫ್ರಿಜ್ಜು 4-5 ಡಿಗ್ರಿ ಇರುತ್ತದೆ, ಅಷ್ಟು ತಣ್ಣಗಿದ್ದರೆ ವಾಸನೆಯೇ ಏಳುವುದಿಲ್ಲ.

ಅವಸರ ಇದ್ದರೆ ಬಕೆಟ್ ತೆಗೆದುಕೊಳ್ಳಿ. ಬರೀ ಐಸ್ ತುಂಬಬೇಡಿ, ಐಸ್ ತುಂಡುಗಳ ನಡುವೆ ಗಾಳಿ ಇರುತ್ತದೆ, ಬಾಟಲಿಗೆ ಸರಿಯಾಗಿ ತಾಗುವುದಿಲ್ಲ. ಅರ್ಧ ಐಸ್, ಅರ್ಧ ನೀರು, ಮೇಲೆ ಎರಡು ಹಿಡಿ ಕಲ್ಲುಪ್ಪು. ಬಾಟಲಿ ಕುತ್ತಿಗೆವರೆಗೆ ಮುಳುಗಬೇಕು. ಉಪ್ಪು ಹಾಕಿದ ನೀರು ಸೊನ್ನೆಗಿಂತ ಕೆಳಗೂ ನೀರಾಗಿಯೇ ಇರುತ್ತದೆ, ಹಾಗಾಗಿ 20 ನಿಮಿಷದಲ್ಲಿ ಕೆಲಸ ಆಗುತ್ತದೆ. ನಡುವೆ ಒಂದೆರಡು ಸಲ ಬಾಟಲಿ ತಿರುಗಿಸಿ.

ಫ್ರೀಜರಿನಲ್ಲಿಟ್ಟು ಮರೆಯಬೇಡಿ. ವೈನ್ ಗಟ್ಟಿಯಾದರೆ ಹಿಗ್ಗುತ್ತದೆ, ಕಾರ್ಕ್ ಹೊರಗೆ ಬರುತ್ತದೆ ಇಲ್ಲವೇ ಬಾಟಲಿ ಒಡೆಯುತ್ತದೆ. ಗ್ಲಾಸಿಗೆ ಐಸ್ ತುಂಡು ಹಾಕುವುದೂ ಬೇಡ, ಐದು ನಿಮಿಷಕ್ಕೆ ನೀರು ನೀರಾಗುತ್ತದೆ.

## ಹಂತ 3: ತೆಗೆದು, ನೋಡಿ, ಮೂಸುವುದು

ಮೊದಲು ಊದುಬತ್ತಿ ಆರಿಸಿ. ಮೈಸೂರಿನ ಮನೆಗಳಲ್ಲಿ ಸಂಜೆ ದೀಪ ಹಚ್ಚಿದ ಮೇಲೆ ಹಾಲ್ ತುಂಬಾ ಗಂಧದ ವಾಸನೆ ಇರುತ್ತದೆ, ಮೂಲೆಯಲ್ಲಿ ಮಲ್ಲಿಗೆ ಇರುತ್ತದೆ, ಅದರ ನಡುವೆ ಈ ವೈನಿನ ತೆಳು ವಾಸನೆ ಹಿಡಿಯಲು ಯಾರಿಂದಲೂ ಆಗುವುದಿಲ್ಲ. ಬಾಲ್ಕನಿಗೋ ತಾರಸಿಗೋ ಹೋಗಿ. ಅರ್ಧ ಗಂಟೆ ಮುಂಚೆಯಿಂದ ಕಾಫಿ ಬೇಡ, ಎಲೆ ಅಡಿಕೆ ಅಂತೂ ಬೇಡವೇ ಬೇಡ. ಅಡಿಕೆಯ ಒಗರು, ಸುಣ್ಣ ಎರಡೂ ನಾಲಿಗೆಯನ್ನು ಕಟ್ಟಿಹಾಕುತ್ತವೆ.

ಗ್ಲಾಸಿನ ಮೂರನೇ ಒಂದು ಭಾಗ ಮಾತ್ರ ಸುರಿಯಿರಿ. ಬಿಳಿ ಕಾಗದದ ಮುಂದೆ ಹಿಡಿದು ಬಣ್ಣ ನೋಡಿ. ಗ್ಲಾಸನ್ನು ಮೇಜಿನ ಮೇಲೇ ಇಟ್ಟು ಎರಡು ಸುತ್ತು ತಿರುಗಿಸಿ, ಆಮೇಲೆ ಮೂಸಿ.

ಇಲ್ಲಿ ಕೆಲವು ಎಚ್ಚರಿಕೆಗಳಿವೆ. ಒದ್ದೆ ರಟ್ಟು, ನೆನೆದ ಹಳೇ ಪೇಪರಿನ ವಾಸನೆ ಬಂದರೆ ಕಾರ್ಕ್ ಕೆಟ್ಟಿದೆ, ಕಾದರೆ ಸರಿಹೋಗುವುದಿಲ್ಲ. ಉಗುರುಬಣ್ಣ ತೆಗೆಯುವ ದ್ರವದ ವಾಸನೆ ಅಥವಾ ವಿನೆಗರ್ ಘಾಟು ಬಂದರೆ ಕುಡಿಯಬೇಡಿ. ಕೊಳೆತ ಸೇಬಿನ ವಾಸನೆ ಮತ್ತು ಕಂದು ಬಣ್ಣ ಒಟ್ಟಿಗೆ ಇದ್ದರೆ ಗಾಳಿ ಹೊಕ್ಕಿದೆ. ಇದರಿಂದ ಕಾಯಿಲೆ ಏನೂ ಬರುವುದಿಲ್ಲ, ಆದರೆ ರುಚಿ ಹೋಗಿದೆ.

ತಳದಲ್ಲಿ ಕಲ್ಲುಸಕ್ಕರೆ ಪುಡಿಯಂಥ ಹರಳು ಕಂಡರೆ ಮಾತ್ರ ಹೆದರಬೇಡಿ. ಗಾಜಿನ ಚೂರು ಅಂದುಕೊಂಡು ಒಳ್ಳೇ ಬಾಟಲಿ ಎಸೆದವರಿದ್ದಾರೆ. ದ್ರಾಕ್ಷಿಯ ಆಮ್ಲ ತಣ್ಣಗಾದಾಗ ಹರಳು ಕಟ್ಟುತ್ತದೆ, ಏನೂ ತೊಂದರೆ ಇಲ್ಲ. ನಿಧಾನಕ್ಕೆ ಬಗ್ಗಿಸಿದರೆ ತಳದಲ್ಲೇ ಉಳಿಯುತ್ತದೆ.

## ಹಂತ 4: ಉಪ್ಪು, ನಿಂಬೆ, ಬೆಲ್ಲ

ಈ ಹಂತ ಬಿಟ್ಟು ಮುಂದೆ ಹೋಗಬೇಡಿ. ಹತ್ತು ನಿಮಿಷ ಸಾಕು, ಆಮೇಲೆ ಜೀವನಪೂರ್ತಿ ಯಾವ ತಿಂಡಿ ಹೊಂದುತ್ತದೆ ಅಂತ ಯಾರನ್ನೂ ಕೇಳಬೇಕಾಗಿಲ್ಲ.

ಮೂರು ಸಣ್ಣ ತಟ್ಟೆ ತೆಗೆದುಕೊಳ್ಳಿ. ಒಂದರಲ್ಲಿ ಉಪ್ಪು ಹಾಕಿ ಹುರಿದ ಕಡ್ಲೆಕಾಯಿ ಬೀಜ, ಇನ್ನೊಂದರಲ್ಲಿ ನಿಂಬೆ ಹೋಳು, ಮೂರನೆಯದರಲ್ಲಿ ಒಂದು ಚೂರು ಅಚ್ಚುಬೆಲ್ಲ. ಮೊದಲು ಬರೀ ವೈನ್ ಒಂದು ಗುಟುಕು. ಹುಳಿ ನಾಲಿಗೆಯ ಎರಡು ಬದಿಯಲ್ಲಿ ಚುರ್ ಅನ್ನುತ್ತದೆ, ಬಾಯಲ್ಲಿ ನೀರೂರುತ್ತದೆ. ಅದನ್ನು ನೆನಪಿಟ್ಟುಕೊಳ್ಳಿ.

ಈಗ ನಾಲ್ಕು ಕಡ್ಲೆಕಾಯಿ ಬೀಜ ತಿಂದು ಮತ್ತೆ ಕುಡಿಯಿರಿ. ಅದೇ ವೈನ್, ಅದೇ ಗ್ಲಾಸ್, ಆದರೆ ಹುಳಿ ಹಿಂದಕ್ಕೆ ಸರಿದು ಹಣ್ಣಿನ ರುಚಿ ಮುಂದೆ ಬಂದಿರುತ್ತದೆ. ಇದು ಉಪ್ಪಿನ ಕೆಲಸ. ಮಾವಿನಕಾಯಿಗೆ ಉಪ್ಪು ಹಚ್ಚಿ ತಿನ್ನುವುದು ಏಕೆ ಅಂತ ನಮಗೆ ಯಾರೂ ಹೇಳಿಕೊಡಬೇಕಾಗಿಲ್ಲವಲ್ಲ, ಅದೇ ಇಲ್ಲೂ ಆಗುವುದು. ಬೀಜದ ಎಣ್ಣೆಯ ಜಿಡ್ಡನ್ನೂ ವೈನ್ ತೊಳೆದುಕೊಂಡು ಹೋಗುತ್ತದೆ.

ಸ್ವಲ್ಪ ನೀರು, ಎರಡು ಕಾಳು ಪುರಿ. ಆಮೇಲೆ ನಿಂಬೆ ಹೋಳನ್ನು ನಾಲಿಗೆಗೆ ತಾಗಿಸಿ ಕುಡಿಯಿರಿ. ಹುಳಿ ತಿಂದ ಮೇಲೆ ವೈನ್ ಹುಳಿ ಅನ್ನಿಸುವುದೇ ಇಲ್ಲ, ಮೆತ್ತಗಾಗುತ್ತದೆ. ನಿಂಬೆ ಜಾಸ್ತಿ ಹೀರಿದರೆ ವೈನ್ ನೀರಿನಂತೆ ಸಪ್ಪೆಯೇ ಆಗುತ್ತದೆ, ಅದನ್ನೂ ಗಮನಿಸಿ. ತಿಂಡಿಯಲ್ಲಿ ಹುಳಿ ಇರಲಿ, ವೈನ್‌ಗಿಂತ ಜಾಸ್ತಿ ಇರಬಾರದು.

ಕೊನೆಗೆ ಬೆಲ್ಲ. ಚೂರು ಚಪ್ಪರಿಸಿ, ಕುಡಿಯಿರಿ. ವೈನ್ ಒಮ್ಮೆಲೇ ಕಹಿ ಹುಳಿಯಾಗಿ, ಹಣ್ಣಿನ ರುಚಿ ಎಲ್ಲಾ ಮಾಯವಾಗುತ್ತದೆ. ಡ್ರೈ ವೈನ್ ಕೆಟ್ಟದ್ದು ಅಂತ ದೂರುವವರಲ್ಲಿ ಅರ್ಧ ಜನ ಗೊತ್ತಿಲ್ಲದೇ ಈ ಬೆಲ್ಲದ ತಪ್ಪು ಮಾಡಿರುತ್ತಾರೆ. ಗೋಬಿ ಮಂಚೂರಿಯ ಸಾಸಿನಲ್ಲಿ ಸಕ್ಕರೆ ಇದೆ, ಟೊಮೆಟೊ ಕೆಚಪ್‌ನಲ್ಲಿ ಸಕ್ಕರೆ ಇದೆ, ನಮ್ಮ ಸಾಂಬಾರು, ಗೊಜ್ಜಿನಲ್ಲೂ ಒಂದು ಚೂರು ಬೆಲ್ಲ ಬಿದ್ದಿರುತ್ತದೆ.

ದೊಡ್ಡಪ್ಪನ ಹುಣಸೆನೀರಿನ ಮಾತಿಗೆ ಬರುತ್ತೇನೆ. ಹೆಚ್ಚಿನ ಹಣ್ಣುಗಳ ಹುಳಿ ಸಿಟ್ರಿಕ್ ಅಥವಾ ಮ್ಯಾಲಿಕ್ ಆಮ್ಲದಿಂದ ಬರುತ್ತದೆ. ದ್ರಾಕ್ಷಿಯ ಮುಖ್ಯ ಹುಳಿ ಟಾರ್ಟಾರಿಕ್ ಆಮ್ಲ, ಹುಣಸೆಹಣ್ಣಿನದ್ದೂ ಅದೇ. ಆಗ ಹೇಳಿದ ಹರಳುಗಳೂ ಅದರಿಂದಲೇ ಕಟ್ಟುವುದು. ಅರವತ್ತು ವರ್ಷ ಹುಣಸೆ ಹುಳಿ ತಿಂದ ನಾಲಿಗೆ ಮೊದಲ ಗುಟುಕಿಗೇ ಅದನ್ನು ಗುರುತು ಹಿಡಿಯಿತು.

## ಹಂತ 5: ತಟ್ಟೆಗೆ ಹೊಂದಿಸುವುದು

ಮದ್ದೂರು ವಡೆಯಿಂದ ಶುರು ಮಾಡಿ. ರವೆ, ಅಕ್ಕಿ ಹಿಟ್ಟು, ಮೈದಾ, ಈರುಳ್ಳಿ, ಕರಿಬೇವು, ಎಣ್ಣೆಯಲ್ಲಿ ಗರಿಗರಿಯಾಗಿ ಕರಿದದ್ದು, ಉಪ್ಪು ಸರಿಯಾಗಿ ಇರುವುದು. ಈ ವೈನ್‌ಗೆ ಇದಕ್ಕಿಂತ ಒಳ್ಳೇ ಜೊತೆ ನಾನು ನೋಡಿಲ್ಲ. ಅವತ್ತು ದೊಡ್ಡಪ್ಪನಿಗೆ ಇದನ್ನೇ ಕೊಟ್ಟೆ. "ತಾಳಿ ದೊಡ್ಡಪ್ಪ, ಒಂದ್ ತುಂಡು ವಡೆ ಅಗಿದು ನುಂಗಿ, ಆಮೇಲೆ ಕುಡೀರಿ" ಅಂದೆ. ವಡೆಯ ಅಂಚು ಮುರಿದು, ಅದರಲ್ಲಿ ಕಂದು ಬಣ್ಣಕ್ಕೆ ತಿರುಗಿದ ಈರುಳ್ಳಿ ಎಳೆ ಹೊರಗೆ ಇಣುಕುತ್ತಿತ್ತು, ಬಾಯಿಗೆ ಹಾಕಿಕೊಂಡು ನಿಧಾನಕ್ಕೆ ಅಗಿದರು. ಗುಟುಕು ಕುಡಿದು ಸ್ವಲ್ಪ ಹೊತ್ತು ಗ್ಲಾಸನ್ನೇ ನೋಡಿದರು. "ಈಗ್ ಬಂತು ನೋಡು ದಾರಿಗೆ" ಅಂತ ಇನ್ನೊಂದು ವಡೆಗೆ ಕೈ ಹಾಕಿದರು. ವಡೆ ಬಿಸಿ ಇರಬೇಕು, ಚಟ್ನಿಯಲ್ಲಿ ಹಸಿಮೆಣಸಿನಕಾಯಿ ಅರ್ಧಕ್ಕಿಳಿಸಿ, ತೆಂಗಿನಕಾಯಿ ಜಾಸ್ತಿ ಹಾಕಿ.

ಎರಡನೆಯದು ಮೀನು. ಕಾಟ್ಲಾ, ರೋಹು ಯಾವುದಾದರೂ ಸರಿ, ತವಾದಲ್ಲಿ ಹುರಿಯಿರಿ. ಅಚ್ಚಖಾರದ ಪುಡಿ ಬದಲು ಕಾಳುಮೆಣಸು, ಅರಿಶಿನ, ಉಪ್ಪು, ಬೆಳ್ಳುಳ್ಳಿ. ನಿಂಬೆ ಹಿಂಡಬೇಡಿ, ಆ ಕೆಲಸ ವೈನ್ ಮಾಡುತ್ತದೆ. ಮೀನು ಸಾರು ಮಾತ್ರ ಬೇರೆ ದಿನಕ್ಕಿರಲಿ, ಅದರ ಖಾರ ಮತ್ತು ಹುಳಿ ಎರಡೂ ವೈನ್‌ಗಿಂತ ಜೋರು.

ಚಳಿಗಾಲದಲ್ಲಿ ಅವರೆಕಾಯಿ ಬಂದಾಗ ತಪ್ಪದೆ ಮಾಡಿ ನೋಡಿ. ಸೊವಿನ್ಯೋನ್ ಬ್ಲಾಂಕಿನ ಹಸಿರು ವಾಸನೆಗೆ ಕಾರಣ ಮೆಥಾಕ್ಸಿಪೈರಜಿನ್ ಅನ್ನುವ ವಸ್ತು, ದಪ್ಪ ಮೆಣಸಿನಕಾಯಿಯ ವಾಸನೆಯೂ ಇದರಿಂದಲೇ. ಸೊಗಡಿನ ಅವರೆಯ ಹಸಿ ವಾಸನೆ ಇದರ ಪಕ್ಕ ನಿಂತರೆ ಎರಡೂ ಒಂದೇ ಹೊಲದಿಂದ ಬಂದ ಹಾಗಿರುತ್ತದೆ. ಹಿತಕಿದ ಬೇಳೆಯನ್ನು ಉಪ್ಪು, ಕರಿಬೇವು, ಸ್ವಲ್ಪ ಕಾಯಿತುರಿ ಹಾಕಿ ಉಸಲಿಯಂತೆ ಒಗ್ಗರಣೆ ಮಾಡಿ. ಮಸಾಲೆ ರುಬ್ಬಿ ಸಾರು ಮಾಡಿದರೆ ಸೊಗಡು ಮುಚ್ಚಿಹೋಗುತ್ತದೆ, ವೈನ್ ಕೂಡ.

ಹೆಸರುಬೇಳೆ, ಸೌತೆಕಾಯಿ ಕೋಸಂಬರಿ ಚೆನ್ನಾಗಿ ಹೊಂದುತ್ತದೆ. ಬಾಳೆಕಾಯಿ ಬಜ್ಜಿ, ಬದನೆಕಾಯಿ ಬಜ್ಜಿ, ಆಂಬೊಡೆ, ನಿಪ್ಪಟ್ಟು ಎಲ್ಲಾ ಸರಿ. ಪನ್ನೀರನ್ನು ಬೆಣ್ಣೆಯಲ್ಲಿ ಹುರಿದು ಮೆಣಸಿನಪುಡಿ ಉದುರಿಸಿದರೂ ಆಗುತ್ತದೆ, ಮೆಣಸು ಅಂದರೆ ಕಾಳುಮೆಣಸು.

ಮಂಡ್ಯದ ಊಟದ ಬಗ್ಗೆ ಒಂದು ಗುಟ್ಟು. ಬಸ್ಸಾರು ಖಾರ, ಆದರೆ ಬಸಿದ ಸೊಪ್ಪು-ಕಾಳಿನ ಪಲ್ಯ ಖಾರವಲ್ಲ. ವೈನ್ ಇರುವ ತನಕ ಪಲ್ಯ ತಿನ್ನಿ, ಗ್ಲಾಸ್ ಖಾಲಿಯಾದ ಮೇಲೆ ಮುದ್ದೆಗೆ ಸಾರು ಹಾಕಿಸಿಕೊಳ್ಳಿ. ಉಪ್ಸಾರಿನಲ್ಲಿ ಖಾರ ಬೇರೆಯಾಗೇ ಇರುತ್ತದೆ, ಅದನ್ನು ಮುಟ್ಟದಿದ್ದರೆ ಉಪ್ಪು, ಸೊಪ್ಪು, ಕಾಳು ಈ ವೈನ್‌ಗೆ ಹೇಳಿ ಮಾಡಿಸಿದ ಹಾಗಿದೆ.

ಹೊಂದದೇ ಇರುವುದನ್ನೂ ಹೇಳಿಬಿಡುತ್ತೇನೆ. ನಾಟಿಕೋಳಿ ಸಾರಿನ ಮುಂದೆ ವೈನ್ ಇದೆ ಅಂತಲೇ ಗೊತ್ತಾಗುವುದಿಲ್ಲ. ಮಸಾಲೆ ದೋಸೆಯ ಬೆಣ್ಣೆ, ಪಲ್ಯ ಸರಿ, ಒಳಗೆ ಸವರಿದ ಕೆಂಪು ಚಟ್ನಿ ಕೆಡಿಸುತ್ತದೆ. ಎಣ್ಣೆಗಾಯಿ ಮಸಾಲೆಯಲ್ಲಿ ಹುಣಸೆ, ಬೆಲ್ಲ, ಖಾರ ಮೂರೂ ಇದೆ, ಬೇಡ. ಮೈಸೂರು ಪಾಕ್ ತಿಂದು ಡ್ರೈ ವೈಟ್ ಕುಡಿದರೆ ಎರಡೂ ಹಾಳು. ಒಣಮೆಣಸಿನಕಾಯಿಯ ಉರಿಗೆ 12-13 ಶೇಕಡಾ ಮದ್ಯ ಸೇರಿದರೆ ಉರಿ ಹೆಚ್ಚುತ್ತದೆ. ಬಾಯಿ ಉರಿಯುತ್ತಿದೆ ಅಂತ ವೈನನ್ನು ನೀರಿನಂತೆ ಗಟಗಟ ಕುಡಿಯುವುದು ದೊಡ್ಡ ತಪ್ಪು. ಉರಿದರೆ ಒಂದು ಚಮಚ ಮೊಸರು ತಿಂದು, ಐದು ನಿಮಿಷ ಬಿಟ್ಟು ಗ್ಲಾಸಿಗೆ ಕೈ ಹಾಕಿ.

## ಹಂತ 6: ಯಾವುದು ಮೊದಲು, ಯಾವುದು ಆಮೇಲೆ

ಉಪ್ಪಿನದ್ದು, ಕರಿದದ್ದು ಮೊದಲು. ಕೋಸಂಬರಿ, ಪಲ್ಯ, ಮೀನು ಆಮೇಲೆ. ಇಲ್ಲಿಗೆ ವೈನ್ ಮುಗಿಸಿ. ಖಾರದ ಸಾರು, ಅನ್ನ, ಮೊಸರನ್ನ, ಸಿಹಿ ಅದಾದ ಮೇಲೆ. ನೆಂಟರು ಬಂದಾಗ ಎಲೆಯಲ್ಲಿ ಎಲ್ಲವನ್ನೂ ಒಟ್ಟಿಗೆ ಬಡಿಸುವುದು ನಮ್ಮ ರೂಢಿ, ಇದೊಂದು ದಿನ ಮಾತ್ರ ಅಮ್ಮನಿಗೋ ಅತ್ತಿಗೆಗೋ ಮೊದಲೇ ಹೇಳಿ ಪಾಯಸವನ್ನು ಒಳಗೇ ಇಡಿಸಿ.

750 ಎಂಎಲ್ ಬಾಟಲಿಯಲ್ಲಿ 150 ಎಂಎಲ್‌ನ ಐದು ಗ್ಲಾಸ್ ಬರುತ್ತದೆ. ಒಂದೇ ಸಲ ಎಲ್ಲರಿಗೂ ತುಂಬಿ ಕೊಡಬೇಡಿ, ಗ್ಲಾಸಿನಲ್ಲೇ ಬೆಚ್ಚಗಾಗುತ್ತದೆ. ಸ್ವಲ್ಪ ಸ್ವಲ್ಪ ಹಾಕಿ, ಬಾಟಲಿ ಬಕೆಟ್ಟಿನಲ್ಲೇ ಇರಲಿ.

## ಹಂತ 7: ಉಳಿದದ್ದು

ಉಳಿದರೆ ಆಗಲೇ ಮುಚ್ಚಳ ಬಿಗಿದು ಫ್ರಿಜ್ಜಿಗೆ ಇಡಿ, ರಾತ್ರಿಯೆಲ್ಲಾ ಮೇಜಿನ ಮೇಲೆ ಬಿಡಬೇಡಿ. ಅರ್ಧಕ್ಕಿಂತ ಕಡಿಮೆ ಉಳಿದಿದ್ದರೆ ಸ್ವಚ್ಛವಾದ ಸಣ್ಣ ಗಾಜಿನ ಬಾಟಲಿಗೆ ಕಂಠದವರೆಗೆ ತುಂಬಿ ಮುಚ್ಚಿ. ಗಾಳಿ ಕಡಿಮೆ ಇದ್ದಷ್ಟು ಒಳ್ಳೆಯದು. ಎರಡು ಮೂರು ದಿನ ತಡೆಯುತ್ತದೆ.

ಮೂರನೇ ದಿನ ಮೂಸಿ ನೋಡಿ. ವಾಸನೆ ಸಪ್ಪೆಯಾಗಿದ್ದರೆ ಅಡುಗೆಗೆ ಬಳಸಿ. ಬೆಣ್ಣೆಯಲ್ಲಿ ಬೆಳ್ಳುಳ್ಳಿ, ಅಣಬೆ ಹುರಿದು, ಉರಿ ಜೋರು ಮಾಡಿ ಕಾಲು ಲೋಟ ವೈನ್ ಹಾಕಿ ಬತ್ತಿಸಿ, ಉಪ್ಪು, ಕಾಳುಮೆಣಸು ಸಾಕು, ನಿಂಬೆ ಬೇಡ. ವಿನೆಗರ್ ಘಾಟು ಬಂದಿದ್ದರೆ ಅಡುಗೆಗೂ ಬೇಡ, ಚೆಲ್ಲಿಬಿಡಿ.